ಮಲೇಬೆನ್ನೂರಿನ ಒಲಿಂಪಿಕ್ಸು

ದಾವಣಗೆರೆಯ ಮಂಡಕ್ಕಿ ಬೊಮ್ಮಣ್ಣ ಮಲೇಬೆನ್ನೂರಿನ ಕಡೆ ತಲೆ ಹಾಕಿ ಮಲಗುವುದನ್ನೂ ಬಿಟ್ಟು ಮೂರು ವರ್ಷವಾಗಿತ್ತು. ಆ ಊರಿನಲ್ಲಿ ಅವನಿಗೆ ಶತ್ರುಗಳಿದ್ದರೆಂದು ತಿಳಿಯಬೇಡಿ. ಇದ್ದದ್ದು ಹೆಂಡತಿ ಹೊನ್ನಕ್ಕನ ತವರುಮನೆ.

ಆದದ್ದಿಷ್ಟೇ. ಮೂರು ವರ್ಷದ ಹಿಂದೆ ಯುಗಾದಿಗೆಂದು ಹೋದಾಗ ಹೋಳಿಗೆಗೆ ತುಪ್ಪ ಬಡಿಸುತ್ತ ಬಂದ ಭಾವಮೈದ ಗೋಣೆಪ್ಪ, ಯಾರ ಜೊತೆಗೋ ಮಾತಾಡುತ್ತ ಬೊಮ್ಮಣ್ಣನ ಎಲೆಯೊಂದನ್ನು ದಾಟಿ ಮುಂದಿನ ಎಲೆಗೆ ಹೋಗಿಬಿಟ್ಟ. ಬೊಮ್ಮಣ್ಣ ಕೇಳಲಿಲ್ಲ. ಮನೆಯ ಅಳಿಯ ಬಾಯಿಬಿಟ್ಟು ತುಪ್ಪ ಕೇಳುವುದುಂಟೇ? ಒಣ ಹೋಳಿಗೆಯನ್ನು ಗಂಟಲಲ್ಲಿ ಇಳಿಸಿ, ಕೈ ತೊಳೆದು, ಹೊಸ್ತಿಲಾಚೆ ನಿಂತು ಆಣೆ ಇಟ್ಟ: "ಗೋಣೆಪ್ಪ ತನ್ನ ಬಾಯಾರೆ ಕರೆಯೋತನ ಈ ಮನೀಗೆ ಕಾಲಿಡಲ್ಲ!" ಗೋಣೆಪ್ಪನೇನು ಕಡಿಮೆ ಆಸಾಮಿಯೇ? "ಕೇಳಿದ್ರೆ ಹಾಕ್ತಿದ್ದೆ. ಕೇಳದೆ ಸಿಟ್ಟಾದೋರನ್ನ ನಾನಂತೂ ಕರೆಯಲ್ಲ" ಎಂದ. ಒಂದು ಸೌಟು ತುಪ್ಪಕ್ಕೆ ಎರಡು ಮನೆಯ ಮಾತು ನಿಂತಿತು. ಹೊನ್ನಕ್ಕ ಮಾತ್ರ ಇಬ್ಬರ ನಡುವೆ ಸಿಕ್ಕಿ ತವರಿನ ಮುಖ ಕಾಣದಾದಳು.

ಈಗ ವಿಷಯ ಇನ್ನೂ ಬಿಗಿಯಾಗಿತ್ತು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಗೋಣೆಪ್ಪನ ಹೆಂಡತಿ ಚೌಡವ್ವ ಗಂಡು ಹೆತ್ತಿದ್ದಳು. ಊರೂರು ತಿರುಗಿ ಬಳೆ ಮಾರುವ ಜೈನಾಬಿ ಆ ಸುದ್ದಿಯನ್ನು ಹೊನ್ನಕ್ಕನ ಕೈಗೆ ಬಳೆ ಏರಿಸುತ್ತಲೇ ಹೇಳಿದ್ದಳು. "ಮುಂದಿನ ಗುರುವಾರಕ್ಕೆ ತೊಟ್ಲ ಅಂತ ನಿಮ್ಮವ್ವ ದಿನ ಇಟ್ಟಾಳೆ. ನಿನ್ನ ತಮ್ಮ ಅಂತಾನೆ, ಅಕ್ಕ ಬಂದು ಹೆಸರು ಕೂಗದಿದ್ರೆ ಕೂಸು ಹಂಗೇ ಇರ್ಲಿ ಅಂತ. ಭಾವನ್ನ ಕರಿಯೋ ಅಂದ್ರೆ ಮಾತ್ರ ಬಾಯಿ ಬೀಗ." ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಸೋದರತ್ತೆಯಿಲ್ಲದೆ ತೊಟ್ಟಿಲಿಲ್ಲ. ಹೊನ್ನಕ್ಕ ಆ ದಿನ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆ ಮುಂದೆ ಕೂತವಳು, ಗಂಡ ಕೇಳಿದರೆ ಹೊಗೆ ಎಂದಳು. ಒಲೆ ಹಚ್ಚಿರಲೇ ಇಲ್ಲ. ಅವಳನ್ನು ಆಗಲೇ ಬಂಡಿ ಹತ್ತಿಸಿಬಿಡಬೇಕೆನಿಸಿತು ಬೊಮ್ಮಣ್ಣನಿಗೆ. ಆದರೆ ಇಟ್ಟ ಆಣೆ!

ಬೊಮ್ಮಣ್ಣನಿಗೆ ಪಾರ್ಕಿನ ಮಗ್ಗುಲಲ್ಲೇ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ; ಮನೆ ಅದರ ಹಿಂದುಗಡೆ. ಪಾರ್ಕಿನ ಕಂಬಕ್ಕೆ ಸ್ಪೀಕರ್ ಕಟ್ಟಿ ಸಂಜೆ ಹೊತ್ತು ರೇಡಿಯೋ ವಾರ್ತೆ ಹಾಕುತ್ತಿದ್ದರು. ತನ್ನಂಥ ಸುದ್ದಿಗಾರ ದಾವಣಗೆರೆಯಲ್ಲಿ ಇನ್ನೊಬ್ಬನಿಲ್ಲ ಎಂಬುದು ಬೊಮ್ಮಣ್ಣನ ನಂಬಿಕೆ. ಮಂಡಕ್ಕಿ ಕೊಂಡವರಿಗೆಲ್ಲ ಪೊಟ್ಟಣದ ಜೊತೆ ಲೋಕವಾರ್ತೆ ಪುಕ್ಕಟೆ. ಒಂದು ಸಣ್ಣ ತೊಡಕೆಂದರೆ, ವಾರ್ತೆಯ ಹೊತ್ತೂ ಮೆಣಸಿನಕಾಯಿ ಬಾಣಲೆಗೆ ಬೀಳುವ ಹೊತ್ತೂ ಒಂದೇ. ಚೊರ್ರ್ ಎಂಬ ಆ ಸದ್ದಿನಲ್ಲಿ ಎಷ್ಟು ಕೇಳಿಸಿತೋ ಅಷ್ಟು ಸುದ್ದಿ. ಉಳಿದದ್ದಕ್ಕೆ ಬೊಮ್ಮಣ್ಣನೇ ಇದ್ದ.

ಐವತ್ತಾರನೇ ಇಸವಿಯ ಡಿಸೆಂಬರಿನ ಒಂದು ಸೋಮವಾರ ಸಂಜೆ ಸ್ಪೀಕರು ಹೇಳಿತು: ಸಮುದ್ರದಾಚೆ ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ಒಲಿಂಪಿಕ್ ಕ್ರೀಡಾಕೂಟ ನಡೆಯುತ್ತಿದೆ, ಭಾರತದ ಹಾಕಿ ತಂಡ ಕೊನೆಯ ಪಂದ್ಯಕ್ಕೆ ಬಂದಿದೆ, ಪಂದ್ಯ ಬರುವ ಗುರುವಾರ. ಬಾಣಲೆ ಹೇಳಿತು: ಚೊರ್ರ್. ಎರಡೂ ಸೇರಿ ಬೊಮ್ಮಣ್ಣನ ಕಿವಿಗೆ ಮುಟ್ಟಿದ್ದು: "ಚೊರ್ರ್... ಮಲೇಬೆನ್ನೂರ್ನಲ್ಲಿ ಒಲಿಂಪಿಕ್... ಭಾರತದ ಹಾಕಿ ತಂಡ... ಕೊನೆಯ ಪಂದ್ಯ... ಗುರುವಾರ."

ಕರಿಯುವ ಜಾಲರಿ ಸೌಟು ಕೈಯಿಂದ ಬಿತ್ತು. ಮೆಣಸಿನಕಾಯಿ ಕರಕಲಾಯಿತು. ಬೊಮ್ಮಣ್ಣ ಅಂಗಡಿ ಮುಂದಿದ್ದವರನ್ನೆಲ್ಲ ಉದ್ದೇಶಿಸಿ ಘೋಷಿಸಿದ: "ಕೇಳ್ರಪ್ಪೋ! ದೇಶದೇಶದೋರು ಸೇರಿ ಆಡೋ ಆಟ ನಮ್ಮ ಮಲೇಬೆನ್ನೂರಾಗೆ ನಡೀತೈತೆ!"

ಎದುರು ಮನೆಯ ಮಾರಣ್ಣನಿಗೆ ಅನುಮಾನ. "ಮಲೇಬೆನ್ನೂರಾಗಾ? ಅಲ್ಲಿ ಸಂತೆ ಬಿಟ್ರೆ ಇನ್ನೇನೂ ನಡೆದಿದ್ದು ನಾ ಕಂಡಿಲ್ಲ."

"ಹೋದ ತಿಂಗಳು ಹೊಸ ರಾಜ್ಯ ಆತಲ್ಲ, ಎಲ್ಲೆಲ್ಲಿ ಏನೇನು ಕೊಡಬೇಕು ಅಂತ ದೊಡ್ಡೋರು ವಿಚಾರ ಮಾಡಿರ್ತಾರೆ. ಕಚೇರಿ ಬೆಂಗ್ಳೂರಿಗೆ ಕೊಟ್ರು, ಆಟ ನಮ್ಮ ಕಡೀಗೆ ಕೊಟ್ರು. ನ್ಯಾಯ ಐತೋ ಇಲ್ಲೋ?"

"ಈಜೋ ಪಂದ್ಯಾನೂ ಇರ್ತೈತಂತಲ್ಲ. ಎಲ್ಲಿ ಈಜ್ತಾರೆ?"

"ಭದ್ರಾ ನಾಲೆ ಮತ್ಯಾಕ ತೋಡ್ತಿದಾರೆ ಅಂದ್ಕಂಡಿ? ನಿನ್ನ ಹೊಲಕ್ಕೆ ನೀರು ಬಿಡಾಕಾ?"

ಹದಡಿಯಲ್ಲಿದ್ದ ತನ್ನ ಹೊಲಕ್ಕೆ ಆ ನಾಲೆಯ ನೀರು ಬಂದೇ ಬರುತ್ತದೆ ಎಂದು ಮಾರಣ್ಣ ಕಾದು ಕೂತಿದ್ದ. ಅವನ ಮುಖ ಇಷ್ಟಾಯಿತು. ಪೊಟ್ಟಣ ಹಿಡಿದು ಮನೆಗೆ ನಡೆದ. ಮಾರಣ್ಣ ಸುಮ್ಮನಾದ ಮೇಲೆ ಆ ಬೀದಿಯಲ್ಲಿ ಎದುರಾಡುವವರು ಯಾರಿದ್ದಾರೆ? ಸುದ್ದಿ ಸ್ಥಿರವಾಯಿತು.

ಮನೆಗೆ ಬಂದವನೇ ಬೊಮ್ಮಣ್ಣ ಹೆಂಡತಿಗೂ ಹೇಳಿದ. ಹೊನ್ನಕ್ಕ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಎಲ್ಲಿ ಅಂದ್ರಿ?"

"ಮಲೇಬೆನ್ನೂರು! ನಿನ್ನ ತವರು!"

"ಯಾವತ್ತು?"

"ಗುರುವಾರ."

"ಗುರುವಾರಾನಾ?" ಎಂದು ಹೊನ್ನಕ್ಕ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಆಮೇಲೆ ಮೊರ ಎತ್ತಿಕೊಂಡು, "ಹಾಕಿ ಅಂದ್ರೆ ಏನು ಹಾಕಾದು?" ಎಂದಳು.

"ಗೋಲು ಹಾಕಾದು."

"ಯಾರಿಗೆ?"

"ಎದುರಿನೋರಿಗೆ."

"ನೋಡ್ರಿ, ಅವ್ರು ಎದುರಿನೋರಿಗೂ ಮರೀದೆ ಹಾಕ್ತಾರೆ. ನನ್ನ ತಮ್ಮ ಮನೆಯೋರಿಗೇ ಹಾಕಾದು ಮರೆತ."

ಈ ಮಾತು ಬೊಮ್ಮಣ್ಣನಿಗೆ ಬಹಳ ಹಿಡಿಸಿತು. ಅದೇ ಉತ್ಸಾಹದಲ್ಲಿ ತನ್ನ ಯೋಜನೆ ಬಿಚ್ಚಿದ. ಆಡುವವರಿಗೆ ಹೊಟ್ಟೆ ಭಾರವಾಗಬಾರದು. ಲೋಕದಲ್ಲಿ ಮಂಡಕ್ಕಿಗಿಂತ ಹಗುರವಾದ ಆಹಾರ ಯಾವುದಿದೆ? ಹೋದ ಸಲದವರು ಏನು ತಿಂದು ಗೆದ್ದರೋ ಗೊತ್ತಿಲ್ಲ. ಈ ಸಲ ದಾವಣಗೆರೆ ಮಂಡಕ್ಕಿ ತಿಂದು ಗೆಲ್ಲಬೇಕು.

"ನಾನೂ ಬರ್ಲಾ?" ಹೊನ್ನಕ್ಕ ಮೆಲ್ಲಗೆ ಕೇಳಿದಳು.

"ನೀನು ಬರದಿದ್ರೆ ಮೆಣಸಿನಕಾಯಿ ಯಾರು ಕರೀತಾರೆ?"

"ನಿಮ್ಮ ಆಣೆ?"

"ಆಣೆ ಮನೀಗೆ ಇಟ್ಟಿದ್ದು, ಊರಿಗಲ್ಲ. ನಾನು ಗೋಣೆಪ್ಪನ ಹತ್ರ ಹೋಗ್ತಿಲ್ಲ, ದೇಶದ ಹತ್ರ ಹೋಗ್ತಿದೀನಿ" ಎಂದು ಬೊಮ್ಮಣ್ಣ ಎದೆಯುಬ್ಬಿಸಿದ. ನಿಜ ಹೇಳಬೇಕೆಂದರೆ ಅವನಿಗೆ ಮನಸ್ಸು ಹಗುರಾಗಿತ್ತು. ಆಣೆಯೂ ಮುರಿಯಲಿಲ್ಲ, ಹೆಂಡತಿ ಊರನ್ನಾದರೂ ಕಂಡಂತಾಯಿತು.

ಬುಧವಾರ ಚಾಂದ್ ಪಾಷಾನ ಎತ್ತಿನ ಬಂಡಿಯಲ್ಲಿ ಮಂಡಕ್ಕಿ ಚೀಲಗಳು ಗೋಪುರದಂತೆ ಏರಿದವು. ಚಾಂದ್ ಪಾಷಾ ಬೊಮ್ಮಣ್ಣನ ಹಳೆಯ ಸ್ನೇಹಿತ, ಬೊಮ್ಮಣ್ಣ ಹೇಳಿದ್ದನ್ನೆಲ್ಲ ನಂಬುವ ದೊಡ್ಡ ಮನಸ್ಸಿನವನು. ದಾರಿಯ ಬಾತಿ ಊರಿನ ಹತ್ತಿರ ಎತ್ತಿಗೆ ನೀರು ಕುಡಿಸಲು ನಿಂತಾಗ ಅಲ್ಲಿಯವರು ಎಲ್ಲಿಗೆ ಎಂದು ಕೇಳಿದರು. "ಒಲಿಂಪಿಕ್ಕಿಗೆ!" ಎಂದ ಪಾಷಾ, ಬೀಗರ ಮನೆಗೆ ಎಂದಷ್ಟು ಸಲೀಸಾಗಿ.

ಹರಿಹರ ಮುಟ್ಟಿದ ಮೇಲೆ ಬೊಮ್ಮಣ್ಣನಿಗೆ ಒಂದು ಯೋಚನೆ ಬಂತು. ಅಂತರರಾಷ್ಟ್ರೀಯ ಜಾಗದಲ್ಲಿ ಅಂಗಡಿ ಇಡಬೇಕಾದರೆ ಪರ್ಮಿಷನ್ ಬೇಡವೇ? ನೆಟ್ಟಗೆ ಒಂದು ಕಚೇರಿಗೆ ಹೋದ. ಅದು ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ. ಪಾಪ, ಆ ಗುಮಾಸ್ತನಿಗೂ ಹೆಂಡತಿ ಮಕ್ಕಳಿದ್ದಾರೆ. ಹೊಸ ರಾಜ್ಯ ಬಂದಾಗಿನಿಂದ ದಿನಕ್ಕೊಂದು ಹೊಸ ಆರ್ಡರು ಬಂದು ಬಂದು, ಯಾವುದನ್ನೂ ಗೊತ್ತಿಲ್ಲ ಎನ್ನಬಾರದೆಂಬ ಪಾಠ ಅವನು ಕಲಿತಿದ್ದ.

"ಸ್ವಾಮಿ, ಮಲೇಬೆನ್ನೂರು ಒಲಿಂಪಿಕ್ಕಿನಾಗೆ ಮಂಡಕ್ಕಿ ಅಂಗಡಿ ಇಡಾಕೆ ಪರ್ಮಿಷನ್ ಬೇಕೇನ್ರಿ?"

ಗುಮಾಸ್ತನ ಲೇಖನಿ ನಿಂತಿತು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡ.

"ಅದು... ಅದರ ಆರ್ಡರ್ ಬರ್ತಾ ಇದೆ."

"ರೇಡಿಯೋದಾಗೇ ಬಂತಲ್ರಿ! ನಾಳೇನೇ ಕೊನೇ ಆಟ!"

"ನಾಳೆ!" ಗುಮಾಸ್ತ ಅರ್ಧ ಎದ್ದು ಮತ್ತೆ ಕೂತ. "ಹೌದೌದು, ನಾಳೆ. ಗೊತ್ತು. ಎಷ್ಟು ಜನ ಬರಬಹುದು ಅಂತ ನಿಮ್ಮ ಅಂದಾಜು?"

"ಪ್ರಪಂಚ."

"ಪೂರ್ತಿನಾ?"

"ಬ್ಯಾರೆ ಕೆಲಸ ಇದ್ದೋರು ಬರಲ್ಲ ಅಂದ್ಕಳ್ರಿ."

ಗುಮಾಸ್ತ ಹಣೆ ಒರೆಸಿಕೊಂಡ. "ಬಾಯಲ್ಲೇ ಪರ್ಮಿಷನ್ ಕೊಟ್ಟಿದೀನಿ, ಹೋಗ್ರಿ. ಮೇಲಿನೋರು ಕೇಳಿದ್ರೆ ಇಲ್ಲಿ ಎಲ್ಲ ತಯಾರಾಗಿತ್ತು ಅಂತ ಹೇಳ್ರಿ."

ಬೊಮ್ಮಣ್ಣ ಕೈ ಮುಗಿದು ಹೊರಬಿದ್ದ. ಸರ್ಕಾರವೇ ಒಪ್ಪಿದ ಮೇಲೆ ಇನ್ನೇನು? ಇತ್ತ ಗುಮಾಸ್ತ, ಆ ಬೆನ್ನು ಮರೆಯಾದ ಕೂಡಲೇ ಜವಾನನನ್ನು ಸೈಕಲ್ ಮೇಲೆ ಮಲೇಬೆನ್ನೂರಿಗೆ ಅಟ್ಟಿದ: ದೊಡ್ಡ ದೊಡ್ಡವರು ಬರುತ್ತಿದ್ದಾರಂತೆ, ಬೀದಿ ಗುಡಿಸಿಡಿ.

ಅಂದು ಹರಿಹರದ ಛತ್ರದಲ್ಲಿ ತಂಗಿದ್ದು, ಗುರುವಾರ ಬೆಳಿಗ್ಗೆ ಹೊರಟು ಬಂಡಿ ಮಲೇಬೆನ್ನೂರು ಸೇರುವಾಗ ಹೊತ್ತು ನೆತ್ತಿಗೆ ಬಂದಿತ್ತು. ಊರ ಬಾಯಲ್ಲೇ ತಳವಾರ ಡಂಗುರ ಹೊಡೆಯುತ್ತಿದ್ದ: "ದೊಡ್ಡೋರು ಬರ್ತಾರಂತೆ, ಬೀದಿಗೆ ನೀರು ಹಾಕ್ರಪ್ಪೋ!" ಹೆಂಗಸರು ಅಂಗಳ ಸಾರಿಸುತ್ತಿದ್ದರು. ಬೊಮ್ಮಣ್ಣ ಹೆಂಡತಿಯ ಕಡೆ ತಿರುಗಿ, "ಈಗೇನಂತೀ?" ಎಂದ. ಹೊನ್ನಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು. ಧೂಳು ಎಂದುಕೊಂಡ ಬೊಮ್ಮಣ್ಣ.

ಬೀದಿ ತಿರುಗಿದರೆ ಎದುರಿಗೇ ಹೊಸ ಚಪ್ಪರ. ಮಾವಿನ ತೋರಣ, ಬಾಳೆಕಂಬ, ಹಂಡೆಗಟ್ಟಲೆ ನೀರು, ಒಲೆಯ ಮೇಲೆ ಬೇಯುವ ಹೂರಣದ ಘಮ. ದೇಶದ ತಂಡಕ್ಕೆ ಇಷ್ಟಾದರೂ ಬೇಡವೇ? ಒಂದೇ ಕಸಿವಿಸಿ ಎಂದರೆ, ಸರ್ಕಾರ ಆ ಚಪ್ಪರವನ್ನು ಹುಡುಕಿ ಹುಡುಕಿ ಗೋಣೆಪ್ಪನ ಮನೆಯ ಮುಂದೇ ಹಾಕಿಸಿತ್ತು. ಗೋಣೆಪ್ಪನೇ ಏಣಿಯ ಮೇಲೆ ನಿಂತು ತೋರಣ ಕಟ್ಟುತ್ತಿದ್ದ. ಬಂಡಿಯನ್ನೂ ಅದರ ಮೇಲಿನ ಚೀಲಗಳನ್ನೂ ಅಕ್ಕನನ್ನೂ ಭಾವನನ್ನೂ ಕಂಡು ಏಣಿಯಿಂದ ಬೀಳುವುದೊಂದು ಬಾಕಿ.

ಇಬ್ಬರಿಗೂ ಮಾತಿಲ್ಲ. ಹಾಗಾಗಿ ನಡುವೆ ನಿಂತ ಚಾಂದ್ ಪಾಷಾನ ಮೂಲಕವೇ ಸಂಭಾಷಣೆ ಶುರುವಾಯಿತು.

"ಪಾಷಾ, ಅವ್ರನ್ನ ಕೇಳು. ನಮ್ಮ ಹುಡುಗ್ರು ಎಲ್ಲಿ?"

"ಪಾಷಾ, ಅವ್ರಿಗೆ ಹೇಳು. ಹುಡುಗ್ರು ಎಲ್ಲಿಂದ ಬರ್ಬೇಕು, ಇರೋನು ಒಬ್ನೇ."

"ಒಬ್ನೇನಾ! ಹನ್ನೊಂದು ಜನ ಬೇಕಲ್ಲ!"

"ಹನ್ನೊಂದಾ! ಇಷ್ಟು ವರ್ಷಕ್ಕೆ ದೇವ್ರು ಒಂದು ಕೊಟ್ಟಿದ್ದೇ ಹೆಚ್ಚು, ಇವ್ರಿಗೆ ಹನ್ನೊಂದು ಬೇಕಂತೆ!"

"ಆತು, ಆ ಒಬ್ಬ ಈಗ ಏನು ಮಾಡ್ತಾನೆ?"

"ಹಾಲು ಕುಡ್ದು ಮಲಗ್ಯಾನೆ."

"ಕೊನೇ ಆಟದ ಹೊತ್ನಾಗೆ ಮಲಗಾದಾ! ಎಬ್ಬಿಸ್ರಿ!"

"ಎಬ್ಬಿಸಿದ್ರೆ ಊರು ಕಿತ್ತು ಹೋಗಂಗೆ ಅಳ್ತಾನೆ."

"ಅಳ್ತಾನಾ?" ಬೊಮ್ಮಣ್ಣ ತಲೆಯ ಮೇಲೆ ಕೈ ಇಟ್ಟ. "ಪಾಷಾ, ದೇಶದ ಮಾನ ಹೋತು ಕಣೋ!"

ಪಾಷಾನ ಕತ್ತು ಆ ಕಡೆ ಈ ಕಡೆ ತಿರುಗಿ ತಿರುಗಿ ನೋಯಹತ್ತಿತು. ಅಷ್ಟರಲ್ಲಿ ಒಳಗಿನಿಂದ ಬೊಮ್ಮಣ್ಣನ ಅತ್ತೆ ಉಚ್ಚೆಂಗೆಮ್ಮ ಹೊರಬಂದಳು. "ಬಂದ್ಯಾ ನನ್ನವ್ವಾ" ಎಂದು ಮಗಳನ್ನು ತಬ್ಬಿ ಅತ್ತಳು. ಅಳುತ್ತಲೇ ಅಳಿಯನ ಕಡೆ ತಿರುಗಿ, "ಇವತ್ತು ತೊಟ್ಲ ಶಾಸ್ತ್ರ. ಅತ್ತೆ ಇಲ್ಲದೆ ಹೆಂಗೆ ಮಾಡಾದು ಅಂತ ಕೈ ಹೊಸಕ್ಕಂತ ಕೂತಿದ್ವಿ. ದೇವ್ರು ಬಂದಂಗೆ ಬಂದ್ರಿ. ಹಸಿದು ಬಂದೀರಿ, ಮೊದ್ಲು ಉಣ್ರಿ, ಆಮ್ಯಾಕೆ ಶಾಸ್ತ್ರ" ಎಂದು ಎಲೆ ಹಾಕಿಸಿದಳು.

ಬೊಮ್ಮಣ್ಣನಿಗೆ ಚಪ್ಪರ ಯಾರದೆಂದು ಆಗ ತಿಳಿಯಿತು. ಇರಲಿ. ಆಣೆ ಮನೆಗೆ, ಚಪ್ಪರಕ್ಕಲ್ಲ. ಉಂಡು ಎದ್ದು ಆಟದ ಬಯಲು ಎಲ್ಲಿದೆಯೆಂದು ವಿಚಾರಿಸಿದರಾಯಿತು. ಪಾಷಾ ಎತ್ತಿಗೆ ಹುಲ್ಲು ತರಲು ಬಸ್‌ಸ್ಟ್ಯಾಂಡಿನ ಕಡೆ ಹೋದ. ಬೊಮ್ಮಣ್ಣ ಚಪ್ಪರದಲ್ಲಿ ಎಲೆಯ ಮುಂದೆ ಕೂತ. ಹೋಳಿಗೆ ಬಂತು. ತೆರೆದ ಬಾಗಿಲಿನಿಂದ ಒಳಗೆ ತೊಟ್ಟಿಲು ಕಾಣುತ್ತಿತ್ತು. ಅದರ ಪಕ್ಕದಲ್ಲಿ ಹೊನ್ನಕ್ಕ ಕೂಸನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ಅಂಥ ನಗುವನ್ನು ಬೊಮ್ಮಣ್ಣ ಮೂರು ವರ್ಷದಿಂದ ಕಂಡಿರಲಿಲ್ಲ. ಅವನು ಹೋಳಿಗೆ ಮುರಿದು ಬಾಯಿಗಿಟ್ಟ. ಆಗಲೇ ಓಡಿ ಬಂದ ಚಾಂದ್ ಪಾಷಾ.

"ಗೆದ್ವಿ ಬೊಮ್ಮಣ್ಣಾ, ಗೆದ್ವಿ! ಒಂದು ಗೋಲಿನಾಗೆ ಗೆದ್ವಿ! ಚಿನ್ನದ ಪದಕ ನಮ್ದೇ! ಬಸ್ ಕಂಡಕ್ಟರ್ರು ಈಗ ಹರಿಹರದಾಗೆ ಕೇಳ್ಕಂಡು ಬಂದ!"

"ಗೆದ್ವಿ ಅಂದ್ರೆ? ಎಲ್ಲಿ ಆಡಿದ್ರೋ? ನಾವು ಇಲ್ಲೇ ಇದೀವಲ್ಲೋ!"

"ಅದೇ ಮಜಾ! ಅದು ಮಲೇಬೆನ್ನೂರಲ್ಲಂತೆ, ಮೆಲ್ಬೋರ್ನ್ ಅಂತೆ. ಹಡಗು ಹತ್ತಿ ಹೋಗಬೇಕಂತೆ. ಕಂಡಕ್ಟರ್ರು ನಕ್ಕು ನಕ್ಕು ಟಿಕೀಟು ಚೆಲ್ಲಿದ!"

ಚಪ್ಪರದಲ್ಲಿ ಮೊದಲು ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಚಪ್ಪರವೇ ನಕ್ಕಿತು. ಡಂಗುರದ ತಳವಾರ ಡಂಗುರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಬೊಮ್ಮಣ್ಣ ನಗಲಿಲ್ಲ. ಅವನ ಮುಖ ಬಾಡಿತು. ದೇಶಕ್ಕೆಂದು ಬಂದವನಾದರೆ ಸರಿ. ದೇಶವೇ ಇಲ್ಲಿಲ್ಲ ಎಂದಮೇಲೆ ತಾನು ಕರೆಯದೆ ಬಂದು ಭಾವಮೈದನ ಚಪ್ಪರದಲ್ಲಿ ಹೋಳಿಗೆಗೆ ಕೂತ ಅಳಿಯನಾದ! "ಹೊನ್ನೀ" ಎಂದ ಸಣ್ಣ ದನಿಯಲ್ಲಿ, "ಬಂಡಿ ಹತ್ತು."

ಹೊನ್ನಕ್ಕ ಕೂಸನ್ನು ಇನ್ನಷ್ಟು ಒತ್ತಿಕೊಂಡಳು. ತೊಟ್ಟಿಲ ಪಕ್ಕದಿಂದ ಕದಲಲಿಲ್ಲ. ಬೊಮ್ಮಣ್ಣ ಏಳಹೋದ. "ಅಯ್ಯೋ, ಎಲೆ ಬಿಟ್ಟು ಏಳಬಾರ್ದು ಅಳಿಯಪ್ಪಾ! ಕೂಸಿನ ಶುಭ ದಿನ!" ಎಂದಳು ಅತ್ತೆ. ಏಳುವಂತಿಲ್ಲ, ಉಣ್ಣುವಂತಿಲ್ಲ. ಬೊಮ್ಮಣ್ಣ ಕೈಯಲ್ಲಿ ಹೋಳಿಗೆ ತುಂಡು ಹಿಡಿದು, ಮಂಡಿ ಅರ್ಧ ಎತ್ತಿ, ಅತ್ತ ಕೂತವನೂ ಅಲ್ಲ ಇತ್ತ ನಿಂತವನೂ ಅಲ್ಲ ಎಂಬಂತೆ ಉಳಿದ. ಚಪ್ಪರದ ನಗು ನಿಂತಿತು.

ಗೋಣೆಪ್ಪ ತುಪ್ಪದ ಗಿಂಡಿ ಹಿಡಿದು ನಿಂತಿದ್ದ. ಅಕ್ಕನನ್ನು ನೋಡಿದ. ಕೂಸನ್ನು ನೋಡಿದ. ಭಾವನ ಎತ್ತಿದ ಮಂಡಿಯನ್ನೂ ನೋಡಿದ. ಗಿಂಡಿಯನ್ನು ಅಲ್ಲೇ ಇಟ್ಟು, ದಡದಡ ಚಪ್ಪರದಿಂದಾಚೆ ನಡು ಬೀದಿಗೆ ಹೋಗಿ, ದಾವಣಗೆರೆಯ ದಿಕ್ಕಿಗೆ ಮುಖ ಮಾಡಿ ನಿಂತು, ಗಂಟಲು ಹರಿಯುವಂತೆ ಕೂಗಿದ:

"ಬೊಮ್ಮಣ್ಣ ಭಾವಾ! ನನ್ನ ಮಗನ ತೊಟ್ಲ ಐತೆ! ಅಕ್ಕನ್ನ ಕರ್ಕಂಡು ನಮ್ಮನೀಗೆ ಬರ್ರೀ...!"

ಬೆನ್ನ ಹಿಂದಿನ ಚಪ್ಪರದಿಂದ, ಗಂಟಲಲ್ಲಿ ಹೋಳಿಗೆ ಸಿಕ್ಕಿಕೊಂಡ ದನಿಯಲ್ಲಿ, ಉತ್ತರ ಬಂತು:

"ಬಂದೆ!"

ಊರು ಕೇಕೆ ಹಾಕಿತು. ಗೋಣೆಪ್ಪ ಓಡಿಬಂದು ಗಿಂಡಿ ಎತ್ತಿಕೊಂಡ. ಅವನ ಕಣ್ಣು ತೇವವಾಗಿತ್ತು. "ಅವತ್ತು ನಿಮ್ಮ ಎಲೆ ನೋಡ್ಲಿಲ್ಲ ಭಾವ. ದೇವ್ರಾಣೆಗೂ ನೋಡ್ಲಿಲ್ಲ. ನಿಮ್ಮನೀಗೆ ಬಂದು ಕ್ಷಮೆ ಕೇಳಾನ ಅಂದ್ರೆ ನಾಚಿಕಿ" ಎನ್ನುತ್ತ ತುಪ್ಪ ಸುರಿದ. ಸುರಿದೇ ಸುರಿದ. ಹೋಳಿಗೆ ಮುಳುಗಿತು, ಪಲ್ಯ ತೇಲಿತು, ತುಪ್ಪ ಎಲೆ ದಾಟಿ ಬೊಮ್ಮಣ್ಣನ ಪಂಚೆಗೆ ಬಂತು. "ಸಾಕೋ ಮಾರಾಯಾ" ಎನ್ನಬೇಕೆನಿಸಿದರೂ ಬೊಮ್ಮಣ್ಣ ಅನ್ನಲಿಲ್ಲ. ಮೂರು ವರ್ಷದ ಬಾಕಿ, ಬರಲಿ ಎಂದು ಸುಮ್ಮನಿದ್ದ. ಅವನಿಗೂ ಕಣ್ಣು ಮಂಜಾಗಿತ್ತು.

ಆಮೇಲೆ ಕೈ ತೊಳೆದು ಹೊಸ್ತಿಲು ದಾಟಿ ಒಳಗೆ ಹೋದ. ಹೊನ್ನಕ್ಕ ಕೂಸಿನ ಕಿವಿಗೆ ಬಾಯಿಟ್ಟು "ಕುರ್ರ್" ಎಂದು, ಉಚ್ಚೆಂಗಪ್ಪ ಎಂಬ ಅಜ್ಜನ ಹೆಸರು ಹೇಳಿದಳು. ಹೆಂಗಸರೆಲ್ಲ ಶಾಸ್ತ್ರಕ್ಕೆ ಅವಳ ಬೆನ್ನಿಗೆ ಗುದ್ದಿದರು. ಇಷ್ಟು ದಿನ ಬರದಿದ್ದಕ್ಕೂ ಸೇರಿಸಿ ಗುದ್ದಿದರು. ಹೊರಗೆ ಪಾಷಾ ಚೀಲ ಬಿಚ್ಚಿ, ದೇಶ ಗೆದ್ದ ಲೆಕ್ಕದಲ್ಲಿ ಊರಿಗೆಲ್ಲ ಮಂಡಕ್ಕಿ ಹಂಚಿದ. ಹರಿಹರದ ಜವಾನನೂ ಟೊಪ್ಪಿಗೆ ತುಂಬಿಸಿಕೊಂಡು, ಎಲ್ಲ ತಯಾರಾಗಿತ್ತು ಎಂದು ವರದಿ ಒಪ್ಪಿಸಲು ಸೈಕಲ್ ಹತ್ತಿದ. ಹುಡುಗರು "ಗೋಲು! ಗೋಲು!" ಎಂದು ಕೂಗಿದ ಗದ್ದಲದಲ್ಲಿ ಅಜ್ಜನ ಹೆಸರು ಯಾರಿಗೂ ಕೇಳಿಸಲಿಲ್ಲ. ಆ ಕೂಸು ಅವತ್ತಿನಿಂದ ಊರ ಬಾಯಲ್ಲಿ ಗೋಲಪ್ಪನಾಯಿತು.

ಮರುದಿನ ಬಂಡಿ ಹಿಂದಕ್ಕೆ ಹೊರಟಿತು. ಖಾಲಿ ಚೀಲಗಳ ಮೇಲೆ ಕೂತ ಬೊಮ್ಮಣ್ಣನಿಗೆ ಸುದ್ದಿಯ ಚಟ ಆಗಲೇ ಮರುಕಳಿಸಿತ್ತು.

"ಮುಂದಿನ ಒಲಿಂಪಿಕ್ಕು ರೋಮಿನಾಗಂತೆ. ಕಂಡಕ್ಟರ್ರು ಹೇಳಿದ."

"ಎಲ್ಲಿ ಅಂದ್ರಿ?" ಎಂದಳು ಹೊನ್ನಕ್ಕ.

"ರೋಮು."

ಹೊನ್ನಕ್ಕ ಎತ್ತುಗಳ ಬೆನ್ನಿನ ಕಡೆ ಮುಖ ತಿರುಗಿಸಿದಳು. "ರೋಣಾನಾ? ನಮ್ಮ ಚಿಕ್ಕವ್ವನ ಮಗಳು ಮೈಲಮ್ಮನ್ನ ರೋಣಕ್ಕೇ ಕೊಟ್ಟೈತಲ್ಲ. ಅವಳ್ನ ನೋಡಿ ಬಾಳ ದಿನ ಆತು."

ಬೊಮ್ಮಣ್ಣ ಚೀಲದ ಮೇಲೆ ನೆಟ್ಟಗಾದ. ಹೆಂಡತಿಯ ಮುಖವನ್ನು ಓರೆಯಾಗಿ ನೋಡಿದ.

"ಹೊನ್ನೀ, ಪಾರ್ಕಿನ ಸ್ಪೀಕರು ನಮ್ಮ ಹಿತ್ತಲಿಗೆ ಕೇಳ್ತೈತಾ?"

"ಗಾಳಿ ಇತ್ಲಾಗೆ ಬೀಸಿದ್ರೆ ಕೇಳ್ತೈತೆ."

"ಸೋಮವಾರ ಗಾಳಿ ಯಾವ ಕಡೀಗೆ ಇತ್ತು?"

"ಇತ್ಲಾಗೇ ಇತ್ತು" ಎಂದಳು ಹೊನ್ನಕ್ಕ. "ಸಮುದ್ರದಾಚೆ ಅಂದಿದ್ದೂ ಕೇಳ್ತು."

ಬಂಡಿ ಗಡಗಡ ಎನ್ನುತ್ತ ಬಹಳ ದೂರ ಸಾಗಿತು. ಬೊಮ್ಮಣ್ಣ ಒಂದು ಸಲ ಕೆಮ್ಮಿದ. ತುಪ್ಪದ ಕಲೆ ಹತ್ತಿದ ಪಂಚೆಯನ್ನು ಸರಿಮಾಡಿಕೊಂಡ. ಆಮೇಲೆ ಮುಂದೆ ಕೂತಿದ್ದ ಚಾಂದ್ ಪಾಷಾನ ಹೆಗಲು ತಟ್ಟಿ ಕೇಳಿದ:

"ಪಾಷಾ, ರೋಣಕ್ಕೆ ಬಂಡಿ ದಾರಿ ಹೆಂಗೈತೋ?"